ಎದೆಗೆ ಪೆಟ್ಟು ಬಿದ್ದ ಸಾವು: ಕೊಯ್ಯದೆ ಸ್ಕ್ಯಾನ್ ಸಾಕೆ?

ತುಂಗಭದ್ರೆಯ ದಂಡೆಯ ಐರಣಿಯಿಂದ ಬ್ಯಾಡಗಿಯವರೆಗಿನ ಸೀಮೆಗೆ ಎದೆಪೆಟ್ಟಿನ ಸಾವು ಹೊಸದಲ್ಲ. ಹೆದ್ದಾರಿಯಲ್ಲಿ ಸ್ಟೀರಿಂಗ್ ಎದೆಗೆ ಬಡಿಯುತ್ತದೆ, ದೀಪಾವಳಿ ಹೊತ್ತಿನ ಹೋರಿ ಹಬ್ಬದಲ್ಲಿ ಕೊಂಬು ಪಕ್ಕೆಗೆ ಇಳಿಯುತ್ತದೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ, ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆ ಮರಳುತ್ತಿದ್ದ 13 ಮಂದಿ ತೀರಿಕೊಂಡರು. ಇಂಥ ಸಾವಿಗೆ ಸಿ.ಟಿ. ಸ್ಕ್ಯಾನ್ ನೋಡಿಯೇ ಕಾರಣ ಬರೆಯಬಹುದೇ?

ಪರ

ಬರೆಯಬಹುದು. ಯಾವ ಪಕ್ಕೆಲುಬು ಎಲ್ಲಿ ಮುರಿದಿದೆ, ಎದೆಗೂಡಿನಲ್ಲಿ ರಕ್ತ ಎಷ್ಟು ನಿಂತಿದೆ ಎಂಬುದು ಸ್ಕ್ಯಾನಿನಲ್ಲಿ ಎದ್ದು ಕಾಣುತ್ತದೆ. ಶ್ವಾಸಕೋಶದ ಸುತ್ತ ಗಾಳಿ ತುಂಬಿ ಸತ್ತವರಲ್ಲಂತೂ ಸ್ಕ್ಯಾನೇ ಮೇಲು. ಎದೆಗೂಡು ತೆರೆದ ಕ್ಷಣ ಆ ಗಾಳಿ ಹೊರಟುಹೋಗುತ್ತದೆ. ಅದನ್ನು ಹಿಡಿಯಲು ಎದೆಯ ಚರ್ಮ ಬಿಡಿಸಿ ಚೀಲದಂತೆ ಮಾಡಿ, ಅದಕ್ಕೆ ನೀರು ತುಂಬಿಸಿ, ನೀರಿನಡಿಯೇ ಪಕ್ಕೆಲುಬುಗಳ ನಡುವೆ ಚುಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯ 1990ರ ದಶಕದ ಕೊನೆಗೇ ಶವಪರೀಕ್ಷೆಗೆ ಸ್ಕ್ಯಾನಿನ ದಾರಿ ಹಿಡಿಯಿತು, ದೆಹಲಿಯ ಏಮ್ಸ್ 2021ರಲ್ಲಿ. ದೇಹ ಮಣ್ಣಾದ ಮೇಲೂ ಚಿತ್ರ ಉಳಿಯುತ್ತದೆ, ಕೋರ್ಟು ಇನ್ನೊಬ್ಬ ತಜ್ಞರಿಗೆ ತೋರಿಸಬಹುದು. ಶವಾಗಾರದ ಬಾಗಿಲಲ್ಲಿ ‘ಕೊಯ್ಯಬ್ಯಾಡ್ರಿ’ ಎಂದು ಕೈಮುಗಿಯುವ ತಾಯಿಯ ಮಾತಿಗೂ ಬೆಲೆ ಸಿಗುತ್ತದೆ.

ವಿರೋಧ

ಚಾಲಕನ ಹೃದಯ ಗುದ್ದಿದ ಮೇಲೆ ನಿಂತಿತೋ, ಹೃದಯ ನಿಂತದ್ದಕ್ಕೇ ಗಾಡಿ ಗುದ್ದಿತೋ? ಮಾಮೂಲಿ ಸಿ.ಟಿ. ಇದಕ್ಕೆ ಉತ್ತರ ಕೊಡದು. ಹೃದಯದ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು, ಹೃದಯದ ಸ್ನಾಯು ಜಜ್ಜಿದ್ದು, ಮಹಾಪಧಮನಿಯ ಸಣ್ಣ ಹರುಕು ಅದರ ಕಣ್ಣು ತಪ್ಪಿಸುತ್ತವೆ. ಇಲ್ಲದ ಗಾಯವನ್ನು ತೋರಿಸುವುದೂ ಉಂಟು: ಸತ್ತ ಮೇಲೆ ಬೆನ್ನಿನ ಕಡೆ ಇಳಿದು ನಿಂತ ರಕ್ತ ಶ್ವಾಸಕೋಶಕ್ಕೆ ಪೆಟ್ಟಾದಂತೆಯೇ ಕಾಣುತ್ತದೆ. ಜೀವ ಉಳಿಸಲೆಂದು ಎದೆ ಒತ್ತಿದಾಗಲೂ ಪಕ್ಕೆಲುಬು ಮುರಿಯುತ್ತದೆ, ಅದೂ ಅಪಘಾತದ ಪೆಟ್ಟೆಂದೇ ತೋರಬಹುದು. ಇಂಗ್ಲೆಂಡಿನಲ್ಲಿ 182 ಶವಗಳ ಮೇಲೆ ನಡೆದು 2012ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನದಲ್ಲಿ, ಸಿ.ಟಿ. ಹೇಳಿದ ಕಾರಣಕ್ಕೂ ಶವಪರೀಕ್ಷೆಯ ಕಾರಣಕ್ಕೂ ಶೇ 32ರಷ್ಟು ಪ್ರಕರಣಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿತ್ತು. ಅವು ಬಗೆಬಗೆಯ ಸಾವುಗಳು, ಎದೆಪೆಟ್ಟಿನವಷ್ಟೇ ಅಲ್ಲ, ನಿಜ. ಆದರೂ ಮೂರರಲ್ಲೊಂದು ಸಣ್ಣ ಮಾತಲ್ಲ. ಶವಪರೀಕ್ಷೆ ರಿಪೋರ್ಟಿನ ಒಂದು ಸಾಲಿನ ಮೇಲೆ ಪರಿಹಾರದ ಕೇಸು ನಿಂತಿರುತ್ತದೆ. ಅಲ್ಲಿ ‘ಹೃದಯಾಘಾತ’ ಎಂದು ಬಂದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ, ಹೆಂಡತಿ ಮಕ್ಕಳು ಕೋರ್ಟಿಗೆ ಅಲೆಯಬೇಕಾಗುತ್ತದೆ.

ಸ್ಕ್ಯಾನ್ ಮೊದಲು ಆಗಲಿ, ಗಾಳಿಯೂ ಎಲುಬೂ ದಾಖಲಾಗಲಿ. ಆದರೆ ಪರಿಹಾರದ ಕೇಸೋ ಕೊಲೆಯ ಅನುಮಾನವೋ ಇದ್ದಲ್ಲಿ, ಮನೆಯವರೇ, ಸಂಕಟ ನುಂಗಿಕೊಂಡು ಡಾಕ್ಟರಿಗೆ ಕೊಯ್ಯಲು ಬಿಡಿ.