ಮೂರು ಮೂಲೆ, ಒಂದು ಗೆರೆ



"ತ್ರಿಭುಜದ ಮೂರು ಕೋನಗಳ ಮೊತ್ತ ಎಷ್ಟು?" ಎಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿ. "180 ಡಿಗ್ರಿ" ಎಂಬ ಉತ್ತರ ಥಟ್ಟನೆ ಬರುತ್ತದೆ. "ಅದನ್ನೇ ಎರಡು ಪಟ್ಟು ದೊಡ್ಡದಾಗಿ ಬರೆದರೆ?" ಎಂದು ಕೇಳಿ. ಕೆಲವು ಮಕ್ಕಳು "360" ಎನ್ನುತ್ತಾರೆ. ಬಾಯಿಪಾಠ ಬಂದಿದೆ, ಅರ್ಥವಾಗಿಲ್ಲ. ಆಗ ನಾವು "ನಿನ್ನ ತಲೆಗೆ ಲೆಕ್ಕ ಹತ್ತುವುದಿಲ್ಲ" ಎಂದುಬಿಡುತ್ತೇವೆ. ಮಗು ಅದನ್ನೇ ನಂಬಿ, ಹತ್ತನೇ ತರಗತಿಯ ನಂತರ ಗಣಿತವಿರುವ ದಾರಿಯನ್ನೇ ತೊರೆಯುತ್ತದೆ.

ಕಾಸರಗೋಡು ಕಡೆಯ ನಮ್ಮ ಅನೇಕ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಪದಗಳ ನಡುವೆ ಅರ್ಥ ಜಾರಿಹೋಗುವುದುಂಟು. ಕಾಗದಕ್ಕೆ ಭಾಷೆಯ ಹಂಗಿಲ್ಲ.

ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಯಾವ ಆಕಾರದ ತ್ರಿಭುಜವನ್ನಾದರೂ ಕತ್ತರಿಸಿ. ಮೂರು ಮೂಲೆಗಳಿಗೂ ಗುರುತು ಹಾಕಿ ಹರಿದು ತೆಗೆಯಿರಿ. ಗುರುತಿನ ತುದಿಗಳನ್ನು ಒಂದೇ ಬಿಂದುವಿನಲ್ಲಿ ಪಕ್ಕಪಕ್ಕಕ್ಕೆ ಜೋಡಿಸಿ. ಹೊರ ಅಂಚುಗಳು ಒಂದು ನೇರ ಗೆರೆಯಾಗುತ್ತವೆ. ಅದೇ 180 ಡಿಗ್ರಿ. ದೊಡ್ಡ ತ್ರಿಭುಜವಾದರೂ ಅಷ್ಟೇ. ಕೋನವೆಂದರೆ ಎರಡು ಬಾಹುಗಳ ನಡುವಿನ ತಿರುವು. ಬಾಹು ಉದ್ದವಾದರೆ ತಿರುವು ಹೆಚ್ಚುವುದಿಲ್ಲ.

ಕಣ್ಣಿಗೆ ಕಂಡರೆ ಸಾಲದು, ಕಾರಣವೂ ಬೇಕು. ತ್ರಿಭುಜದ ನೆತ್ತಿಯ ಮೂಲಕ ತಳಕ್ಕೆ ಸಮಾಂತರವಾಗಿ ಒಂದು ರೇಖೆ ಎಳೆಯಿರಿ. ತಳದ ಎಡಕೋನದಷ್ಟೇ ಕೋನ ನೆತ್ತಿಯ ಎಡಗಡೆ, ಬಲಕೋನದಷ್ಟೇ ಬಲಗಡೆ ಉಂಟಾಗುತ್ತದೆ. ಇವು ಪರ್ಯಾಯ ಕೋನಗಳು. ನಡುವೆ ನೆತ್ತಿಯ ಕೋನ. ಮೂರೂ ಸೇರಿ ಸರಳರೇಖೆ.

ಇನ್ನು ಹೆಂಚಿನ ಮಾಡನ್ನು ತೋರಿಸಿ. ಎರಡೂ ಬದಿಯ ಇಳಿಜಾರು 30 ಡಿಗ್ರಿಯಾದರೆ ಮೇಲಿನ ಕೋನ ಎಷ್ಟು? ಏಣಿ ಹತ್ತಿ ಅಳೆಯದೆಯೇ ಮಗು "120" ಎನ್ನಬಲ್ಲದು.

ಸುಮಾರು 2300 ವರ್ಷಗಳ ಹಿಂದೆ ಯೂಕ್ಲಿಡ್ ಈ ಸತ್ಯವನ್ನು ಗ್ರೀಕ್ ಭಾಷೆಯಲ್ಲಿ ಸಾಧಿಸಿ ತೋರಿಸಿದನು. ಅವನ ಗ್ರಂಥದ ಮೊದಲ ಆರು ಭಾಗಗಳನ್ನು ಯೇಸುಸಭೆಯ ಗುರು ಮತ್ತೆಯೋ ರಿಚ್ಚಿಯವರು ಷು ಗುವಾಂಗ್‌ಚಿ ಎಂಬ ವಿದ್ವಾಂಸರೊಡನೆ ಚೀನೀ ಭಾಷೆಗೆ ತಂದರು. 1607ರಲ್ಲಿ ಅದು ಪ್ರಕಟವಾಯಿತು. ಭಾಷೆ ಬದಲಾದರೂ ಸತ್ಯ ಬದಲಾಗಲಿಲ್ಲ. ನಮ್ಮ ಮಕ್ಕಳೂ ಅದನ್ನು ಯಾವ ಭಾಷೆಯಲ್ಲಾದರೂ ಅರಿಯಬಲ್ಲರು.

"ನಾವು ಹೆಚ್ಚು ಓದಿದವರಲ್ಲ" ಎಂದು ಹಿಂಜರಿಯಬೇಡಿ. ಈ ಭಾನುವಾರ ಪೂಜೆಯ ನಂತರ ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. "ಯಾಕೆ?" ಎಂದು ಕೇಳುವ ಬುದ್ಧಿ ದೇವರು ಕೊಟ್ಟ ವರ. ಗದರಿಸಿ ಅದನ್ನು ಆರಿಸಬೇಡಿ.