ಎಂಜಿನ್ ಉಸಿರಿಗೂ ಒಂದು ದಾರಿ ಬೇಕು

ಸೈಲೆನ್ಸರ್ ಬದಲಾಯಿತು, ಹ್ಯಾಂಡಲ್ ಬದಲಾಯಿತು, ಇಂಡಿಕೇಟರ್ ಕೂಡ ಬದಲಾಯಿತು. ಆಮೇಲೆ ನಮ್ಮ ಹುಡುಗರ ಕಣ್ಣು ಬೀಳುವುದು ಎಂಜಿನ್‌ನಿಂದ ಏರ್ ಫಿಲ್ಟರ್ ಬಾಕ್ಸ್‌ಗೆ ಹೋಗುವ ಒಂದು ಕಪ್ಪು ರಬ್ಬರ್ ಪೈಪ್ ಮೇಲೆ. ಅದನ್ನು ಕಿತ್ತು, ಬಾಯಿಗೆ ಪುಟ್ಟದೊಂದು ಕೆಂಪು ಫಿಲ್ಟರ್ ಸಿಕ್ಕಿಸಿದರೆ ಬೈಕ್ ‘ರೇಸಿಂಗ್’ ಆಯಿತು! ಕೆಲವು ನೂರು ರೂಪಾಯಿ ಖರ್ಚು, ಐದು ನಿಮಿಷದ ಕೆಲಸ. ‘ಎಂಜಿನ್ ಫ್ರೀ ಆಗುತ್ತೆ ಮಗಾ’ ಎಂಬ ಭರವಸೆ ಬೇರೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ, ಬೆಳಗಿನ ಹೊತ್ತು ಚಿಕ್ಕಪ್ಪನ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಅಲ್ಲಿ ಕಂಡಿದ್ದರ ಆಧಾರದ ಮೇಲೆ ಹೇಳುತ್ತೇನೆ: ರಸ್ತೆಯಲ್ಲಿ ಓಡಿಸುವ ಬೈಕಿಗೆ ಆ ಫಿಲ್ಟರ್ ಬೇಡವೇ ಬೇಡ.

ಆ ಪೈಪಿನ ಹೆಸರು ಬ್ರೀದರ್. ಪಿಸ್ಟನ್ ಮೇಲ್ಭಾಗದಲ್ಲಿ ಏನಾಗುತ್ತದೆ ಎಂದು ಕೇಳಿದರೆ ನಾವೆಲ್ಲ ನಾಲ್ಕು ಸ್ಟ್ರೋಕ್‌ಗಳನ್ನು ಬಾಯಿಪಾಠ ಒಪ್ಪಿಸುತ್ತೇವೆ. ಕೆಳಭಾಗದಲ್ಲಿ ಏನಾಗುತ್ತದೆ ಎಂದರೆ ಮೌನ. ಸೈಕಲ್ ಪಂಪನ್ನು ನೆನಪಿಸಿಕೊಳ್ಳಿ. ಪಿಸ್ಟನ್ ಇಳಿದಾಗ ಕ್ರ್ಯಾಂಕ್‌ಕೇಸ್ ಒಳಗಿನ ಜಾಗ ಕುಗ್ಗುತ್ತದೆ, ಏರಿದಾಗ ಹಿಗ್ಗುತ್ತದೆ. 350 ಸಿಸಿಯ ಸಿಂಗಲ್ ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಹೀಗಾಗುವುದು ಸೆಕೆಂಡಿಗೆ 50 ಸಲ. ಪ್ರತಿ ಸಲವೂ ಲೀಟರಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಇದರ ಜೊತೆಗೆ, ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಒಂದಿಷ್ಟು ಸುಟ್ಟ ಹೊಗೆ, ಸುಡದ ಪೆಟ್ರೋಲ್ ಮತ್ತು ನೀರಾವಿ ಕೆಳಗೆ ನುಸುಳುತ್ತಲೇ ಇರುತ್ತವೆ. ಇವು ಹೊರಹೋಗದಿದ್ದರೆ ಒತ್ತಡ ಹೆಚ್ಚಿ ಗ್ಯಾಸ್ಕೆಟ್, ಆಯಿಲ್ ಸೀಲ್‌ಗಳಿಂದ ಎಣ್ಣೆ ಜಿನುಗುತ್ತದೆ. ಒಳಗೇ ಉಳಿದ ನೀರಾವಿ ಎಣ್ಣೆಯನ್ನು ಕೆಡಿಸುತ್ತದೆ. ಮಳೆಗಾಲದಲ್ಲಿ ಬರೀ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಬೈಕಿನ ಆಯಿಲ್ ಕ್ಯಾಪ್ ಬಿಚ್ಚಿದರೆ ಮಜ್ಜಿಗೆ ಬಣ್ಣದ ನೊರೆ ಕಾಣುವುದು ಇದೇ ಕಾರಣಕ್ಕೆ.

ಅಂದರೆ ಎಂಜಿನ್ ಉಸಿರಾಡಲೇಬೇಕು. ಪ್ರಶ್ನೆ ಇರುವುದು ಆ ಉಸಿರು ಎಲ್ಲಿಗೆ ಹೋಗಬೇಕು ಎಂಬುದರಲ್ಲಿ. ಕಂಪನಿ ಕೊಟ್ಟ ಪೈಪ್ ಅದನ್ನು ಏರ್ ಬಾಕ್ಸ್‌ಗೆ ಒಯ್ದು, ಮತ್ತೆ ಎಂಜಿನ್‌ನಲ್ಲೇ ಸುಡಿಸುತ್ತದೆ. ಕೆಂಪು ಫಿಲ್ಟರ್ ಅದನ್ನು ನೇರವಾಗಿ ಹೊರಗೆ ಬಿಡುತ್ತದೆ. ಹೊರಗೆ ಬರುವುದು ಬರೀ ಗಾಳಿಯಲ್ಲ, ಎಣ್ಣೆಯ ಹನಿಗಳೂ ಬೆರೆತ ಗಾಳಿ. ಕಳೆದ ಮಳೆಗಾಲದಲ್ಲಿ ನಮ್ಮ ಗ್ಯಾರೇಜಿಗೆ ಬಂದ ಕಾಲೇಜು ಹುಡುಗನೊಬ್ಬನ ಬೈಕಿನಲ್ಲಿ ಆ ಫಿಲ್ಟರ್ ಒದ್ದೆಯಾಗಿ, ಎಣ್ಣೆ ಹಿಂದಿನ ಟೈರಿನ ಅಂಚಿಗೆ ಇಳಿದಿತ್ತು. ತಿರುವಿನಲ್ಲಿ ಬೈಕ್ ವಾಲಿದಾಗ ನೆಲ ಹಿಡಿಯುವುದೇ ಆ ಅಂಚು. ಅವನು ಬಂದಿದ್ದು ‘ಎಲ್ಲೋ ಲೀಕ್ ಇದೆ ಅಣ್ಣಾ’ ಎಂದು. ಬೀಳುವ ಮೊದಲೇ ಬಂದನಲ್ಲ, ಪುಣ್ಯ. ಇನ್ನು ಸಿಂಗಲ್ ಸಿಲಿಂಡರ್ ಎಂಜಿನ್ ಆ ತೂತಿನಿಂದ ಉಸಿರು ಬಿಡುವುದಷ್ಟೇ ಅಲ್ಲ, ಎಳೆದುಕೊಳ್ಳುತ್ತದೆ ಕೂಡ. ಬಳ್ಳಾರಿ ಕಡೆಯ ಕೆಂಪು ದೂಳಿನಲ್ಲಿ, ಮಲೆನಾಡಿನ ಮಳೆಯಲ್ಲಿ ಅದು ಏನನ್ನು ಎಳೆದುಕೊಳ್ಳುತ್ತದೆ, ನೀವೇ ಯೋಚಿಸಿ.

ಪರಿಸರದ ಮಾತು ಬಂದರೆ ‘ಇಷ್ಟು ಸಣ್ಣ ಪೈಪಿನಿಂದ ಏನು ಮಹಾ’ ಅನ್ನುವವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ಹೊಗೆಯಿಂದ ಕಂಗೆಟ್ಟಾಗ ವಾಹನಗಳ ಮೇಲೆ ಹೇರಿದ ಮೊದಲ ನಿಯಂತ್ರಣ ಸೈಲೆನ್ಸರ್‌ಗೆ ಸಂಬಂಧಿಸಿದ್ದಲ್ಲ. 1961ರಲ್ಲಿ ಕಡ್ಡಾಯ ಮಾಡಿದ್ದು ಕ್ರ್ಯಾಂಕ್‌ಕೇಸ್ ಅನಿಲವನ್ನು ವಾಪಸ್ ಎಂಜಿನ್‌ಗೇ ಕಳಿಸುವ ಈ ವ್ಯವಸ್ಥೆಯನ್ನು. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ನಿಯಮವೂ ಆ ಅನಿಲವನ್ನು ಹೊರಗಾಳಿಗೆ ಬಿಡಲು ಒಪ್ಪುವುದಿಲ್ಲ. ತಯಾರಕರು ಕೊಟ್ಟ ವಾಹನದ ಸ್ವರೂಪವನ್ನು ಮನಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ.

‘ರೇಸ್ ಬೈಕಿನಲ್ಲಿ ಇರುತ್ತಲ್ಲ?’ ಎಂಬುದು ಇನ್ನೊಂದು ವಾದ. ಟ್ರ್ಯಾಕ್ ಮೇಲೆ ಒಬ್ಬರ ಎಣ್ಣೆ ಚೆಲ್ಲಿದರೆ ಹಿಂದೆ ಬರುವ ಹತ್ತು ಜನ ಜಾರಿ ಬೀಳುತ್ತಾರೆ. ಹಾಗಾಗಿ ರೇಸ್‌ಗಳಲ್ಲೇ ಬ್ರೀದರ್‌ನಿಂದ ಬರುವ ಎಣ್ಣೆಯನ್ನು ಹಿಡಿಯುವ ಡಬ್ಬಿಯೋ ಏರ್ ಬಾಕ್ಸೋ ಇರಲೇಬೇಕೆಂಬ ನಿಯಮವಿದೆ. ನಾವು ನಕಲು ಮಾಡುವುದಾದರೆ ಅದನ್ನು ಮಾಡೋಣ.

ಹಾಗಾದರೆ ಏನು ಮಾಡಬೇಕು? ಮೊದಲು ನಿಮ್ಮ ಎಂಜಿನ್ ಯಾವುದೆಂದು ನೋಡಿ. ಹೊಸ ಬೈಕಾದರೆ ಕಂಪನಿ ಪೈಪೇ ಸಾಕು. ಅದು ಮಡಚಿಕೊಳ್ಳದಂತೆ, ಬಿರುಕು ಬಿಡದಂತೆ ನೋಡಿಕೊಳ್ಳಿ. ಏರ್ ಬಾಕ್ಸ್ ಅಡಿಯ ಸಣ್ಣ ಟ್ಯೂಬಿನಲ್ಲಿ ಸೇರಿದ ಎಣ್ಣೆ–ನೀರನ್ನು ಸರ್ವಿಸ್ ಮಾಡಿಸುವಾಗ ತೆಗೆಸಿ. ಏರ್ ಫಿಲ್ಟರ್‌ಗೇ ಎಣ್ಣೆ ಬರುತ್ತಿದ್ದರೆ ಪೈಪ್ ಕೀಳುವ ಮೊದಲು ಆಯಿಲ್ ಮಟ್ಟ ನೋಡಿ. ‘ಇರಲಿ’ ಎಂದು ಹೆಚ್ಚು ಸುರಿದಿದ್ದರೂ ಹೀಗಾಗುತ್ತದೆ.

ಹಳೆಯ ಎರಕದ ಎಂಜಿನ್‌ನ ಬುಲೆಟ್ ಆದರೆ ಕಥೆ ಬೇರೆ. ಅದರಲ್ಲಿ ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್ ಇರುತ್ತದೆ. ಗಾಳಿ ಹೊರಗೆ ಹೋಗಬಹುದು, ಒಳಗೆ ಬರುವಂತಿಲ್ಲ. ಅದು ಗಟ್ಟಿಯಾದರೆ ಅಥವಾ ಹರಿದರೆ ಎಣ್ಣೆ ಜಿನುಗುವುದು ಶುರು. ಅಲ್ಲಿ ಹೊಸ ರಬ್ಬರ್ ಇಲ್ಲವೇ ಹಗುರವಾದ ರೀಡ್ ವಾಲ್ವ್ ಹಾಕುವುದು ಸರಿ. ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕಲ್ಲ, ಭಾರದ ವಾಲ್ವ್‌ಗೆ ಆ ವೇಗ ಸಿಗುವುದಿಲ್ಲ. ವಾಲ್ವ್ ಎಂಜಿನ್‌ಗೆ ಹತ್ತಿರವಿರಲಿ, ನಡುವೆ ಎಣ್ಣೆ ಹಿಡಿಯುವ ಡಬ್ಬಿ ಇರಲಿ, ಪೈಪಿನ ಕೊನೆ ಏರ್ ಬಾಕ್ಸ್‌ನಲ್ಲಿರಲಿ. ಎರಡು ಪಿಸ್ಟನ್‌ಗಳು ಒಂದು ಏರಿದಾಗ ಇನ್ನೊಂದು ಇಳಿಯುವ ಎಂಜಿನ್‌ನಲ್ಲಿ ಈ ಏರಿಳಿತವೇ ತೀರಾ ಕಡಿಮೆ. ಇನ್ನು ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ, ಯೆಜ್ಡಿ ಅಥವಾ ಆರ್‌ಎಕ್ಸ್ 100 ನಿಮ್ಮದಾಗಿದ್ದರೆ ಕ್ರ್ಯಾಂಕ್‌ಕೇಸ್ ಬ್ರೀದರ್ ಎಂಬ ಮಾತೇ ಇಲ್ಲ! ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಮಿಶ್ರಣವನ್ನು ಮೇಲಕ್ಕೆ ತಳ್ಳುವುದೇ ಕ್ರ್ಯಾಂಕ್‌ಕೇಸ್ ಒತ್ತಡ. ಅಲ್ಲಿ ಗಾಳಿ ಸೋರಿದರೆ ಗಾಡಿ ಸ್ಟಾರ್ಟ್ ಆಗಲೂ ಸತಾಯಿಸುತ್ತದೆ. ಒಬ್ಬರ ಬೈಕಿಗೆ ಒಪ್ಪಿದ್ದು ಇನ್ನೊಬ್ಬರದಕ್ಕೆ ಒಪ್ಪುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಕೆಲಸಕ್ಕೆಂದು ಸೆಕೆಂಡ್ ಹ್ಯಾಂಡ್ ಬೈಕ್ ಹುಡುಕುವವರಿಗೆ ಈ ಪೈಪ್ ಇನ್ನೊಂದು ಉಪಕಾರ ಮಾಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಏರ್ ಬಾಕ್ಸ್ ಕಡೆಯ ತುದಿ ಬಿಚ್ಚಿ, ಐಡಲ್‌ನಲ್ಲಿ ನೋಡಿ. ಸಣ್ಣಗೆ ಗಾಳಿ ಮಿಡಿದರೆ ಸಹಜ. ಹೊಗೆ ಬುಸುಬುಸು ಬರುತ್ತಿದ್ದರೆ ರಿಂಗ್ ಅಥವಾ ಬೋರ್ ಸವೆದಿರುವ ಸಾಧ್ಯತೆ ಹೆಚ್ಚು. ಮಾಲೀಕರು ಎಷ್ಟೇ ಪಾಲಿಶ್ ಹೊಡೆಸಿರಲಿ, ಬ್ರೀದರ್ ಸುಳ್ಳು ಹೇಳುವುದಿಲ್ಲ. ಬೋರ್ ಕೆಲಸಕ್ಕೆ ಸಾವಿರಾರು ರೂಪಾಯಿ ಬೇಕು. ಮೊದಲ ಸಂಬಳಕ್ಕೂ ಮುಂಚೆ ಅಷ್ಟು ದುಡ್ಡು ಯಾರ ಹತ್ತಿರ ಇರುತ್ತದೆ? ಕೆಂಪು ಫಿಲ್ಟರ್ ಹಾಕಿದ ಬೈಕ್ ಕಂಡರಂತೂ ‘ಯಾಕೆ ಹಾಕಿಸಿದ್ರಿ?’ ಎಂದು ಕೇಳಿಯೇಬಿಡಿ. ಏರ್ ಫಿಲ್ಟರ್‌ಗೆ ಬರುತ್ತಿದ್ದ ಎಣ್ಣೆಯನ್ನು ಮರೆಮಾಚಲು ಹಾಕಿದ್ದೂ ಇರಬಹುದು.

ಬೈಕ್ ಚೆಂದ ಮಾಡಿಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ವಯಸ್ಸಿನ ಸಂತೋಷವದು. ಬಣ್ಣ ಬಳಿಸಿ, ಸೀಟು ಹೊಲಿಸಿ. ಆದರೆ ಎಂಜಿನ್‌ಗೆ ಕೈ ಹಾಕುವ ಮುಂಚೆ ‘ಇದು ಇಲ್ಲಿ ಯಾಕಿದೆ?’ ಎಂದು ಒಮ್ಮೆ ಕೇಳಿಕೊಳ್ಳಿ. ಉತ್ತರ ಗೊತ್ತಾಗುವವರೆಗೆ ಸ್ಕ್ರೂ ಡ್ರೈವರ್ ಡಬ್ಬಿಯಲ್ಲೇ ಇರಲಿ.