ಶಟರ್ ಎಳೀತೀವಿ ಅಂದವರು ಲೆಕ್ಕವನ್ನೂ ಕೇಳಲಿ

ಬೇಕರಿಯವರು, ಬೀಡಾ ಅಂಗಡಿಯವರು, ಕಾಂಡಿಮೆಂಟ್ಸ್‌ನವರು ಒಂದಾಗಿ ನಿಂತರೆ ಸರ್ಕಾರ ಎಷ್ಟು ಬೇಗ ಬಗ್ಗುತ್ತದೆ ಎಂಬುದನ್ನು 2025ರ ಜುಲೈ ತೋರಿಸಿಕೊಟ್ಟಿತು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟೀಸು ಕೊಟ್ಟದ್ದೇ ತಡ, ಗಲ್ಲಾಪೆಟ್ಟಿಗೆ ಪಕ್ಕದ ಕ್ಯೂಆರ್ ಚೀಟಿ ಕಿತ್ತುಹೋಗಿ ‘ನಗದು ಮಾತ್ರ’ ಎಂಬ ಬೋರ್ಡು ಬಂತು. ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿ ನೋಟೀಸು! ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ, ಬರೀ ಹಾಲು ತರಕಾರಿ ಮಾರುವವನಿಗೆ ನೋಂದಣಿಯೂ ಬೇಕಿಲ್ಲ. ಅದನ್ನು ಇಲಾಖೆಗೆ ಯಾರು ಹೇಳಬೇಕು ಸ್ವಾಮಿ?

ವ್ಯಾಪಾರಿಗಳೇ ಹೇಳಿದರು. ಜುಲೈ 25ಕ್ಕೆ ಬಂದ್ ಅಂದರು. 23ರಂದೇ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಕರೆದು, ಹಳೇ ಬಾಕಿ ಕೇಳೋದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಬಂದ್ ನಿಂತಿತು. ಎಲ್ಲರೂ ಮನೆಗೆ ಹೋದರು.

ಎಡವಟ್ಟಾದದ್ದು ಅಲ್ಲೇ. ಗೆದ್ದದ್ದು ಕ್ಯೂಆರ್ ಚೀಟಿ ಬಚ್ಚಿಟ್ಟದ್ದಕ್ಕಲ್ಲ, ಹತ್ತು ಜನ ಒಟ್ಟಿಗೆ ದನಿ ಎತ್ತಿದ್ದಕ್ಕೆ. ಆ ದನಿ ‘ನಮ್ಮನ್ನು ಬಿಟ್ಟುಬಿಡಿ’ ಅನ್ನುವಲ್ಲಿಗೇ ನಿಂತುಬಿಟ್ಟಿತು. ಹಾಗಾದರೆ ಯಾರು ಕಟ್ಟಬೇಕು, ಎಷ್ಟು ಕಟ್ಟಬೇಕು, ಕಟ್ಟಿದ್ದು ಎಲ್ಲಿಗೆ ಹೋಗಬೇಕು ಎಂದು ಒಬ್ಬರೂ ಗಟ್ಟಿಯಾಗಿ ಕೇಳಲಿಲ್ಲ.

ಕೇಳಬೇಕಾದ ಮಾತು ಬೇಕಾದಷ್ಟಿದೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ, ವಿನಾಯಿತಿ ಬಿಟ್ಟುಕೊಡುವ ಕಂಪನಿಗಳಿಗೆ ಶೇಕಡಾ 30ರಷ್ಟಿದ್ದ ತೆರಿಗೆಯನ್ನು 22ಕ್ಕೆ ಇಳಿಸಿತು. ಅದರಿಂದ ವರ್ಷಕ್ಕೆ ಕೈಬಿಟ್ಟುಹೋಗುವ ವರಮಾನ 1.45 ಲಕ್ಷ ಕೋಟಿ ರೂಪಾಯಿ ಎಂದು ಆಗ ಸರ್ಕಾರವೇ ಹೇಳಿತ್ತು. ಅದಕ್ಕೆ ಯಾವ ದೊಡ್ಡ ಕುಳವೂ ಬಂದ್ ಮಾಡಬೇಕಾಗಲಿಲ್ಲ, ಕಪ್ಪುಪಟ್ಟಿ ಕಟ್ಟಿಕೊಳ್ಳಬೇಕಾಗಲಿಲ್ಲ. ಇತ್ತ ಸಾಬೂನಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ. ಆದರೆ ಆ ಐದು, ಕೂಲಿಯವನಿಗೂ ಕೋಟ್ಯಧಿಪತಿಗೂ ಒಂದೇ.

ರಾಜ್ಯದ ಕಥೆ ಇನ್ನೊಂದು ಥರ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನಾಗಿಯೇ ಏರಿಸಬಹುದಾದ ದೊಡ್ಡ ತೆರಿಗೆಗಳೆಂದರೆ ಹೆಂಡ, ಪೆಟ್ರೋಲು-ಡೀಸೆಲ್ಲು, ಮುದ್ರಾಂಕ, ವಾಹನ ತೆರಿಗೆ, ಇಷ್ಟೇ. ಕೇಂದ್ರದ ನಷ್ಟ ಪರಿಹಾರವೂ 2022ರ ಜೂನ್‌ಗೆ ಮುಗಿಯಿತು. ಹಾಗಾಗಿ ಕೈಗೆ ಸಿಕ್ಕಿದ್ದನ್ನೇ ಹಿಂಡುತ್ತಾರೆ. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಏರಿತು. ಏಪ್ರಿಲ್ ಒಂದಕ್ಕೆ ಡೀಸೆಲ್ ತೆರಿಗೆ ಏರಿ ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ಸರ್ಕಾರದ ಬಸ್ಸೇ ಆ ಡೀಸೆಲ್ ಕುಡಿಯಬೇಕು, ಆಮೇಲೆ ನಷ್ಟ ಅಂತ ಸರ್ಕಾರವೇ ಅಳಬೇಕು!

‘ಹೆಂಗಸರಿಗೆ ಪುಕ್ಕಟೆ ಕೊಟ್ಟು ನಮ್ಮ ಜೇಬಿಗೆ ಕತ್ತರಿ ಹಾಕಿದ್ರು’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಗೊಣಗುವವರಿಗೇನೂ ಬರಗಾಲವಿಲ್ಲ. 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆಯಲ್ಲಿ ಉಳಿದ ಟಿಕೆಟ್ ಕಾಸು ಹೋಗುವುದು ಅದೇ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗಳಿಗೆ ಎಂಬುದನ್ನು ಗಲ್ಲಾಪೆಟ್ಟಿಗೆ ಮೇಲೆ ಕೂತವರು ಮರೆಯಬಾರದು. ತಗಾದೆ ಇರಬೇಕಾದ್ದು ಬಸ್ ಸಾಲದು ಎಂಬುದಕ್ಕೆ, ಹೆಂಗಸರು ಹತ್ತಿದರು ಎಂಬುದಕ್ಕಲ್ಲ.

ದೆಹಲಿ, ವಿಧಾನಸೌಧ ದೂರವಾಯಿತು ಅನ್ನೋಣ. ನಗರಸಭೆ ಕೂಗಳತೆಯಲ್ಲೇ ಇದೆಯಲ್ಲ? ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ರದ್ದಾಯಿತು. ನಾಕಾದಲ್ಲಿ ಲಾರಿ ನಿಲ್ಲಿಸಿ ಕಾಸು ಕೀಳುವುದು ತಪ್ಪಿತು, ವ್ಯಾಪಾರಿಗಳು ಉಸ್ಸಪ್ಪಾ ಅಂದರು. ಅಂದಿನಿಂದ ಊರಿನ ಸ್ವಂತ ಗಳಿಕೆ ಎಂದರೆ ಮುಖ್ಯವಾಗಿ ಮನೆ-ಅಂಗಡಿ ಕಂದಾಯ. ಅದನ್ನು ಈಗ ಮಾಲೀಕನೇ ಲೆಕ್ಕ ಹಾಕಿ ಘೋಷಿಸಿ ಕಟ್ಟಬೇಕು. ಏಪ್ರಿಲಿನಲ್ಲೇ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಚಿಕ್ಕ ಮಳಿಗೆಯವನು ಆ ರಿಯಾಯಿತಿಗಾಗಿ ಕ್ಯೂ ನಿಂತು ಪೂರ್ತಿ ಕಟ್ಟುತ್ತಾನೆ. ಮೂರು ಮಹಡಿ ಎಬ್ಬಿಸಿ ಒಂದೇ ಮಹಡಿ ಎಂದು ಬರೆದುಕೊಡುವ ಪ್ರಭೃತಿ ಎಲ್ಲ ಊರಲ್ಲೂ ಇರುತ್ತಾನೆ. ಅವನ ಅಳತೆಗೆ ಟೇಪು ಹಿಡಿದು ಹೋಗುವವರು ಮಾತ್ರ ಕಾಣಿಸುವುದಿಲ್ಲ. ಅವನು ಉಳಿಸಿಕೊಂಡದ್ದು ನಲ್ಲಿಯಲ್ಲಿ ಬಾರದ ನೀರು, ಉರಿಯದ ಬೀದಿದೀಪ, ಸಂಬಳಕ್ಕೆ ಕಾಯುವ ಪೌರಕಾರ್ಮಿಕ. ಅದೂ ಸಾಲದೆ ಮುಂದಿನ ಸಲ ದರ ಏರಿದಾಗ ಸರಿಯಾಗಿ ಕಟ್ಟುವವನೇ ಮತ್ತೆ ಹೆಚ್ಚು ಕಟ್ಟುತ್ತಾನೆ.

ಇದನ್ನು ಜನ ಕೇಳಬಹುದು, ಕೇಳಿಯೂ ಇದ್ದಾರೆ. 2000ದಲ್ಲಿ ಬೆಂಗಳೂರು ಮಹಾನಗರಪಾಲಿಕೆ ಸ್ವಯಂಘೋಷಣೆ ಪದ್ಧತಿ ತಂದಿತು. ಬಡಾವಣೆವಾರು ದರವನ್ನು ಅಚ್ಚು ಹಾಕಿಸಿ ಜನರ ಮುಂದಿಟ್ಟಿತು. ಇನ್ಸ್‌ಪೆಕ್ಟರನ ಮರ್ಜಿ ಕಡಿಮೆಯಾಯಿತು, ಕಂದಾಯ ಹೆಚ್ಚು ಬಂತು. ಅದಾದ ಎರಡೇ ವರ್ಷಕ್ಕೆ, 2002ರಲ್ಲಿ, ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್ ಮೊದಲಾದ ಸಂಸ್ಥೆಗಳು ‘ಪ್ರೂಫ್’ ಎಂಬ ಅಭಿಯಾನ ಹೂಡಿದವು. ಬೇಡಿಕೆ ಬಹಳ ಸರಳ: ಮೂರು ತಿಂಗಳಿಗೊಮ್ಮೆ ಪಾಲಿಕೆಯ ಜಮಾ-ಖರ್ಚನ್ನು ಜನರೆದುರು ಇಡಿ. ಕಂದಾಯ ಕಟ್ಟೋದಿಲ್ಲ ಎಂಬ ಹಠ ಅದಲ್ಲ. ಕಟ್ಟಿದವರು ಕೈ ಚಾಚಿ ಕೇಳಿದ ಲೆಕ್ಕ.

ಬೆಂಗಳೂರಿನ ಓದುಬರಹದವರಿಗೆ ಅದೆಲ್ಲ ಸರಿ, ಜಿಲ್ಲೆಯವರಿಗೆ ಆಗುತ್ತದೆಯೇ ಎಂದು ಮೂಗು ಮುರಿಯುವವರಿದ್ದಾರೆ. ಲೆಕ್ಕ ಕೇಳೋದಕ್ಕೆ ಕಿರಾಣಿ ಅಂಗಡಿಯವನಿಗಿಂತ ಬೇರೆ ಪಂಡಿತ ಬೇಕೇ? ದಿನಾ ರಾತ್ರಿ ಗಲ್ಲಾ ಎಣಿಸಿ ಕಾಸಿನ ವ್ಯತ್ಯಾಸ ಹಿಡಿಯುವ ಮನುಷ್ಯ ಅವನು. 2005ರಿಂದ ಮಾಹಿತಿ ಹಕ್ಕಿನ ಕಾಯ್ದೆಯೂ ಕೈಲಿದೆ. ವರ್ತಕರ ಸಂಘ ಒಂದೇ ಅರ್ಜಿಯಲ್ಲಿ ಕೇಳಲಿ: ಪೇಟೆಬೀದಿಯ ಯಾವ ಕಟ್ಟಡ ಎಷ್ಟು ಚದರಡಿ ಘೋಷಿಸಿದೆ, ಎಷ್ಟು ಕಟ್ಟಿದೆ, ನೂರು ದೊಡ್ಡ ಬಾಕಿದಾರರು ಯಾರು? ಆ ಪಟ್ಟಿ ನಗರಸಭೆ ಗೋಡೆ ಮೇಲೆ ಬರಲಿ. ಬಸ್ಸಿಗೆ ಕಾಯುವವರು ನಿಂತಲ್ಲೇ ಓದಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಸಂಘದ ಪದಾಧಿಕಾರಿಗಳ ಹೆಸರೇ ಇದ್ದರೆ? ಇರಬಹುದು. ಹಾಗಿದ್ದರೆ ಮೊದಲು ಅವರೇ ಕಟ್ಟಿ ರಸೀತಿ ತೋರಿಸಲಿ, ಆಮೇಲೆ ಮಾತು ಎತ್ತಲಿ.

‘ಕಟ್ಟಿದ್ದನ್ನೆಲ್ಲ ತಿನ್ನೋರು ತಿಂತಾರೆ ಬಿಡಿ’ ಎಂಬ ಮಾತು ಸುಳ್ಳಲ್ಲ. ಆದರೆ ಯಾರೂ ನೋಡದ ಲೆಕ್ಕವನ್ನೇ ಅವರು ತಿನ್ನೋದು.

ಬಜೆಟ್‌ಗೆ ಮುಂಚೆ ನಗರಸಭೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಅಲ್ಲಿಗೆ ಬರುವವರು ಬೆರಳೆಣಿಕೆ ಜನ. ಕಾಫಿ-ಬಿಸ್ಕತ್ತು ಮುಗಿದು, ಅಧಿಕಾರಿ ವಾಚು ನೋಡಿ, ಅರ್ಧ ಗಂಟೆಗೆ ಸಭೆ ಮುಕ್ತಾಯ. ಬಂದ್ ಅಂದರೆ ಬೀದಿಗೆ ಬೀದಿಯೇ ಶಟರ್ ಎಳೆಯಲು ಸಿದ್ಧವಾಗುವ ಪೇಟೆಯಿಂದ ಮುಂದಿನ ಸಭೆಗೆ ಬೀದಿಗೊಬ್ಬರಾದರೂ ಹೋಗಿ ಕೂತರೆ, ಅಷ್ಟು ಕುರ್ಚಿ ಎಲ್ಲಿಂದ ತರೋದು ಎಂದು ನಗರಸಭೆಯವರೇ ಪರದಾಡಬೇಕಾಗುತ್ತದೆ.